ವಿಜ್ಞಾನ ಮೇಳದಲ್ಲಿ ಅಂಕ ಕೊಡುವುದು ಹೇಗೆ?

ಮಂಗಳೂರು, ಉಡುಪಿಯ ಶಾಲೆಗಳಿಂದ ‘ಮೇಳಕ್ಕೆ ತೀರ್ಪುಗಾರರಾಗಿ ಬನ್ನಿ’ ಎಂಬ ಕರೆ ಬಂದರೆ, ಮೊದಲು ಅಂಕಗಳ ಹಂಚಿಕೆ ಹೇಗಿದೆ ಎಂದು ಕೇಳಿ ತಿಳಿದುಕೊಳ್ಳಿ. ಅಮೆರಿಕದಲ್ಲಿ ಪ್ರತಿವರ್ಷ ನಡೆಯುವ ಐಸೆಫ್ ಎಂಬ ಅಂತರರಾಷ್ಟ್ರೀಯ ಶಾಲಾ ವಿಜ್ಞಾನ ಮೇಳದಲ್ಲಿ 100 ಅಂಕಗಳಲ್ಲಿ ಪೋಸ್ಟರ್‌ಗೆ 10, ವಿದ್ಯಾರ್ಥಿಯ ಜೊತೆಗಿನ ಮಾತುಕತೆಗೆ 25. ನಮ್ಮಲ್ಲೂ ಹಾಗೇ ಇರಲಿ. ಫ್ಲೆಕ್ಸ್, ಥರ್ಮಾಕೋಲ್, ಎಲ್‌ಇಡಿ ದೀಪಗಳಿಗೆ ಜಾಸ್ತಿ ಅಂಕ ಕೊಟ್ಟರೆ ಗೆಲ್ಲುವುದು ಅಪ್ಪನ ಜೇಬು, ಅಲ್ವಾ?

ನಿಮ್ಮ ಸಂಬಂಧಿಕರ ಮಕ್ಕಳೋ, ನಿಮ್ಮ ಹತ್ತಿರ ಟ್ಯೂಷನ್‌ಗೆ ಬರುವವರೋ ಇದ್ದರೆ ಆ ಟೇಬಲ್ ಬೇರೆಯವರಿಗೆ ಬಿಡಿ.

ಅಸಲಿ ಕೆಲಸ ಇರುವುದು ಮಗುವಿನ ಎದುರು ನಿಂತಾಗ. ಉಳ್ಳಾಲದ ಹುಡುಗಿಯೊಬ್ಬಳು ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಎಷ್ಟು ಏರುತ್ತದೆ ಎಂದು ಅಳೆದಿದ್ದಾಳೆ ಎಂದುಕೊಳ್ಳಿ. ಬಾಯಿಪಾಠ ಒಪ್ಪಿಸಲು ಬಿಡಬೇಡಿ. ಈ ಬಾವಿಗಳನ್ನೇ ಯಾಕೆ ಆರಿಸಿದ್ದು? ಕಡಲಿನಿಂದ ದೂರ ಇರುವ ಒಂದು ಬಾವಿಯನ್ನೂ ಹೋಲಿಕೆಗೆ ಇಟ್ಟುಕೊಂಡಿದ್ದೀಯಾ? ಒಂದೇ ನೀರನ್ನು ಎಷ್ಟು ಸಲ ಅಳೆದದ್ದು? ಆಮೇಲೆ ನೋಟ್‌ಬುಕ್ ತೆರೆಸಿ. ತಾಳೆಯಾಗದ ಅಂಕಿ ಕಂಡರೆ ಅಲ್ಲೇ ಬೆರಳಿಟ್ಟು ‘ಇದಕ್ಕೆ ಏನು ಮಾಡಿದ್ದು?’ ಎನ್ನಿ. ‘ಹಿಂದಿನ ರಾತ್ರಿ ಮಳೆ ಬಂದಿತ್ತು ಸರ್, ಒಂದು ವಾರ ಬಿಟ್ಟು ಮತ್ತೆ ಅಳೆದೆ’ ಎಂದಳೋ, ಧಾರಾಳವಾಗಿ ಅಂಕ ಕೊಡಿ. ಅಂದುಕೊಂಡ ಫಲಿತಾಂಶ ಬರಲಿಲ್ಲ ಎಂದು ಅಂಕ ಕಡಿಯುವುದು ದೊಡ್ಡ ಅನ್ಯಾಯ. ಅದನ್ನು ಮುಚ್ಚಿಡದೆ ಬರೆದಿದ್ದಾಳಲ್ಲ, ಅದೇ ವಿಜ್ಞಾನ.

ಮಾದರಿ ಯಂತ್ರವಾದರೆ ಒಂದು ವೈರ್ ಕಳಚಿ ಮತ್ತೆ ಜೋಡಿಸಲು ಹೇಳಿ. ಮಾಡಿದವರು ಯಾರೆಂದು ಕೂಡಲೇ ಗೊತ್ತಾಗುತ್ತದೆ.

ಮಗು ಇಂಗ್ಲಿಷಿನಲ್ಲಿ ತಡವರಿಸಿದರೆ ಕನ್ನಡದಲ್ಲಿ ಕೇಳಿ. ನಿಮಗೆ ಬರುವುದಾದರೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಕೇಳಬಹುದು. ಪಟಪಟ ಮಾತಾಡುವ ಮಕ್ಕಳಷ್ಟೇ ಜಾಣರು ಎಂದೇನೂ ಇಲ್ಲ.

ಎಲ್ಲರಿಗೂ ಒಂದೇ ಸಮಯ ಕೊಡಿ, ಗಡಿಯಾರ ನೋಡಿಕೊಳ್ಳಿ. ಒಬ್ಬ ತೀರ್ಪುಗಾರರು ಈ ತುದಿಯಿಂದ, ಇನ್ನೊಬ್ಬರು ಆ ತುದಿಯಿಂದ ಹೊರಡಲಿ. ಊಟದ ಹೊತ್ತಿಗೆ ಸುಸ್ತಾಗುವುದು ಸಹಜ, ಅದರ ಹೊಡೆತ ಕೊನೆಯ ಟೇಬಲ್‌ಗಳಿಗೇ ಬೀಳಬಾರದು. ಅಂಕ ಬರೆದು ಮುಗಿಸುವವರೆಗೆ ತೀರ್ಪುಗಾರರು ಪರಸ್ಪರ ಚರ್ಚಿಸಬಾರದು. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಧಾರಾಳ ಇರುತ್ತದೆ. ಹಾಗಾಗಿ ಎಲ್ಲ ತೀರ್ಪುಗಾರರೂ ಎಲ್ಲ ಪ್ರಾಜೆಕ್ಟ್‌ಗಳನ್ನು ನೋಡುವುದೇ ಒಳ್ಳೆಯದು. ಅಷ್ಟು ಸಮಯ ಇಲ್ಲವೆಂದರೆ, ಮೊದಲ ಒಂದೆರಡಕ್ಕೆ ಮಾತ್ರ ಒಟ್ಟಿಗೆ ಕೂತು ಅಂಕ ಹಾಕಿ ಅಳತೆ ಹೊಂದಿಸಿಕೊಳ್ಳಿ.

ಬಹುಮಾನ ಬರಲಿ, ಬಾರದಿರಲಿ, ಹೊರಡುವ ಮುನ್ನ ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ. ಏನು ಚೆನ್ನಾಗಿತ್ತು, ಮುಂದೆ ಏನು ಮಾಡಿ ನೋಡಬಹುದು ಎಂದು ಎರಡು ಸಾಲು ಬರೆದರೆ ಸಾಕು.