‘ಯು ಏಟ್ ಆ?’ ಅಂತ ಕೇಳಿ ಪೇಚಿಗೆ ಸಿಕ್ಕಿದ ಮೇಲೆ

ಕುಂಬಳೆಯ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಬೇಕಲ ಕೋಟೆಗೆ ಹೊರಟಿದ್ದ ವಿದೇಶಿ ಹೆಂಗಸೊಬ್ಬರು ತಲೆನೋವು ಅಂತ ಬಂದರು. ಮಾತ್ರೆ ಕೊಡುವ ಮೊದಲು ಊಟ ಆಗಿದೆಯಾ ಅಂತ ಕೇಳಬೇಕಿತ್ತು. ‘ಯು ಏಟ್ ಆ?’ ಎಂದೆ. ಅವರು ಗಾಬರಿಯಾಗಿ ‘ಎಯ್ಟ್ ಟ್ಯಾಬ್ಲೆಟ್ಸ್?’ ಅಂದರು. ಎಂಟು ಮಾತ್ರೆ ನುಂಗಲು ಹೇಳಿದೆ ಅಂದುಕೊಂಡಿದ್ದರು ಪಾಪ.

ನಮ್ಮ ಕಡೆಯವರಿಗೆ ಇದು ಎಡವುವ ಜಾಗವೇ. ಕನ್ನಡದಲ್ಲಿ ‘ಬಂದಿರಾ’, ತುಳುವಿನಲ್ಲಿ ‘ಬತ್ತರಾ’, ಮಲಯಾಳದಲ್ಲಿ ‘ವನ್ನೋ’. ಮೂರರಲ್ಲೂ ಪ್ರಶ್ನೆ ಬಾಲದಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿ ಅದು ತಲೆಯಲ್ಲೇ ಬರಬೇಕು.

ಈಸ್, ಆರ್, ಕ್ಯಾನ್, ವಿಲ್ ಇದ್ದರೆ ಸುಲಭ. ‘ದಿ ಬಸ್ ಈಸ್ ಲೇಟ್’ ಅನ್ನುವುದನ್ನು ‘ಈಸ್ ದಿ ಬಸ್ ಲೇಟ್?’ ಮಾಡಿದರೆ ಆಯಿತು. ಎರಡು ದಿನದಲ್ಲಿ ಬಾಯಿಗೆ ಬರುತ್ತದೆ.

ಕಷ್ಟ ಇರುವುದು ‘ಶಿ ವಾಂಟ್ಸ್ ಟೀ’ ಥರದ ಮಾತಿನಲ್ಲಿ. ಮುಂದೆ ತರಲು ಅಲ್ಲಿ ಏನೂ ಇಲ್ಲ ಅಲ್ವಾ? ಆಗ ಡು, ಡಸ್, ಡಿಡ್ ಇವುಗಳಲ್ಲಿ ಒಂದನ್ನು ಸಾಲ ತರಬೇಕು. ಡಸ್ ಬಂತೋ, ವಾಂಟ್ಸ್‌ನ ಕೊನೆಯ ‘ಸ್’ ಹೋಯಿತು: ‘ಡಸ್ ಶಿ ವಾಂಟ್ ಟೀ?’ ಡಿಡ್ ಬಂತೋ, ಏಟ್ ಮತ್ತೆ ಈಟ್ ಆಯಿತು: ‘ಡಿಡ್ ಯು ಈಟ್?’ ಇಷ್ಟು ಗೊತ್ತಾದ ಮೇಲೂ ನಾನು ತಿಂಗಳುಗಟ್ಟಲೆ ‘ಡಿಡ್ ಯು ಏಟ್’ ಅನ್ನುತ್ತಲೇ ಇದ್ದೆ. ಪುಸ್ತಕ ಓದಿದರೆ ಹೋಗುವ ಅಭ್ಯಾಸ ಅಲ್ಲ ಅದು. ಬಾಯಿ ಆಡಿಸಬೇಕು.

ಅದಕ್ಕೆ ನಮ್ಮದು ಬಸ್ಸಿನ ಆಟ. ಬದಿಯಡ್ಕದಿಂದ ಪಕ್ಕದ ಮನೆಯ ಅಕ್ಕನೂ ನಾನೂ ಒಟ್ಟಿಗೆ ಬರುತ್ತೇವೆ. ಸೀತಾಂಗೋಳಿ ತಲುಪುವವರೆಗೆ ಅಕ್ಕ ಉತ್ತರ ಹೇಳಬೇಕು, ನಾನು ಅದಕ್ಕೆ ಪ್ರಶ್ನೆ ಮಾಡಬೇಕು. ಆಮೇಲೆ ಅದಲು ಬದಲು. ಮನೆಯ ಸುದ್ದಿಯೇ ಆಗಬೇಕು, ಇಲ್ಲದಿದ್ದರೆ ಸುಮ್ನೆ ಗಿಣಿಪಾಠ ಆಗುತ್ತದೆ. ಮೊನ್ನೆ ಅಕ್ಕ, ‘ವಿ ಸೋಲ್ಡ್ ಅರೆಕಾನಟ್ ಯೆಸ್ಟರ್ಡೇ’ ಅಂದರು.

‘ಡಿಡ್ ಯು ಸೆಲ್ ಅರೆಕಾನಟ್ ಯೆಸ್ಟರ್ಡೇ?’

ಅಲ್ಲಿಗೇ ಬಿಡಬೇಡಿ. ಅದರ ತಲೆಯ ಮೇಲೆ ಇನ್ನೊಂದು ಪದ ಕೂರಿಸಿ. ‘ವೇರ್ ಡಿಡ್ ಯು ಸೆಲ್ ಇಟ್?’ ‘ವೈ ಡಿಡ್ ಯು ಸೆಲ್ ಇಟ್ ನೌ?’ ಹಾಗೇ ಮುಂದುವರಿದು ನಾನು ‘ಹೌ ಮಚ್ ಡಿಡ್ ಯು ಗೆಟ್?’ ಅಂತ ಕೇಳಿದೆ. ಅಕ್ಕ ಕಿಟಕಿಯ ಕಡೆ ತಿರುಗಿ, “ಅದೊಂದು ಕೇಳ್ಬೇಡ ಮಾರಾಯ್ತಿ” ಎಂದರು, ಕನ್ನಡದಲ್ಲೇ.

ಅಪರಿಚಿತರ ಹತ್ತಿರ ಮರ್ಯಾದೆಯಿಂದ ಕೇಳುವಾಗ ಮಾತ್ರ ಒಂದು ಹುಷಾರು ಬೇಕು. ‘ಕ್ಯಾನ್ ಯು ಟೆಲ್ ಮಿ’ ಅಂತ ಶುರು ಮಾಡಿದರೆ ತಿರುಗಿಸುವ ಕೆಲಸ ಅಲ್ಲಿಗೇ ಮುಗಿಯಿತು. ಆಮೇಲಿನದು ನೇರವಾಗಿಯೇ ಇರಲಿ: ‘ಕ್ಯಾನ್ ಯು ಟೆಲ್ ಮಿ ವೇರ್ ದಿ ಬಸ್ ಸ್ಟಾಪ್ ಈಸ್?’