ಕೊರೋನಾ ಲಸಿಕೆ ಹಾಕಿಸಿಕೊಳ್ಳೋದು ಹೇಗೆ, ಲಾಕ್‌ಡೌನ್ ಸಡಿಲವಾದ ಈ ಅನ್‌ಲಾಕ್‌ನಲ್ಲಿ ಓಡಾಡೋದು ಹೇಗೆ: ನಮ್ಮ ವಾರ್ಡಿನವರಿಗೆ

ಮೊದಲೇ ಒಂದು ಮಾತು. ಗ್ರಾಮ ಪಂಚಾಯ್ತಿ ಮೆಂಬರ್ ನಾನು, ನಮ್ಮ ಯಜಮಾನರಲ್ಲ. ಹೋದ ಡಿಸೆಂಬರ್‌ನಲ್ಲಿ ನೀವು ಓಟು ಹಾಕಿದ್ದು ನನಗೆ, ಆದರೆ ಲಸಿಕೆ ಬಂತಾ, ಟೋಕನ್ ಇದೆಯಾ ಅಂತ ಫೋನ್ ಹೋಗೋದು ಮಾತ್ರ ಅವರಿಗೆ. ಅವರಿಗೇನೂ ಗೊತ್ತಿರುವುದಿಲ್ಲ, ಸುಮ್ನೆ "ನಾಳೆ ಬನ್ನಿ" ಅಂದುಬಿಡುತ್ತಾರೆ. ಹಾಗೆ ಹೇಳಿದ್ದನ್ನು ನಂಬಿ ಹೋದ ವಾರ ಹನ್ನೊಂದು ಜನ ಆಸ್ಪತ್ರೆ ತನಕ ಹೋಗಿ ಬರಿಗೈಯಲ್ಲಿ ವಾಪಸ್ ಬಂದರು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದು ಹಾಕುತ್ತಿದ್ದೇನೆ. ಓದಲು ಬಾರದ ಹಿರಿಯರಿಗೆ ಮನೆಯ ಹುಡುಗರು ಓದಿ ಹೇಳಿ. ಇದು 2021ರ ಜುಲೈ ಎರಡನೇ ವಾರದ ಲೆಕ್ಕ. ಸರ್ಕಾರದ ಈಗಿನ ಆದೇಶ 19ನೇ ತಾರೀಕು ಬೆಳಿಗ್ಗೆ 5ರ ತನಕ. ಆಮೇಲೆ ಬದಲಾದರೆ ಮತ್ತೆ ಬರೆಯುತ್ತೇನೆ.

18 ವರ್ಷ ತುಂಬಿದ ಎಲ್ಲರಿಗೂ ಲಸಿಕೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಯಾರಾದರೂ ಐವತ್ತು ನೂರು ಕೇಳಿದರೆ ಕೊಡಬೇಡಿ, ನನಗೆ ಹೇಳಿ. ಮೊಬೈಲಲ್ಲಿ ಮೊದಲೇ ಬುಕ್ ಮಾಡಲೇಬೇಕು ಅನ್ನೋದೂ ಇಲ್ಲ, ನೇರ ಹೋದರೆ ಅಲ್ಲೇ ಹೆಸರು ಬರೆದುಕೊಳ್ಳುತ್ತಾರೆ. ಆಧಾರ್ ತಗೊಂಡು ಹೋಗಿ. ಆಧಾರ್ ಕಳೆದುಹೋಗಿದ್ದರೆ ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾನ್ ಕಾರ್ಡ್, ಫೋಟೋ ಇರುವ ಪಿಂಚಣಿ ಪುಸ್ತಕ, ಇದರಲ್ಲಿ ಯಾವುದಾದರೂ ಆಗುತ್ತೆ. ಎರಡನೇ ಸಲವೂ ಅದೇ ಕಾರ್ಡು, ಅದೇ ಫೋನ್ ನಂಬರ್ ಕೊಡಿ. ಮೊದಲ ಸಲ ಮಗನ ನಂಬರು, ಎರಡನೇ ಸಲ ಅಳಿಯನ ನಂಬರು ಕೊಟ್ಟವರಿಗೆ ಎರಡೂ ಮೊದಲ ಡೋಸ್ ಅಂತ ಬಂದು ಕೂತಿದೆ, ಅದನ್ನು ಸರಿ ಮಾಡಿಸೋದು ದೊಡ್ಡ ತಲೆನೋವು.

ಈಗ ಎಲ್ಲರೂ ಬೈಯುವ ವಿಷಯ. "ಸಂಜೆ ನಾಲ್ಕಕ್ಕೆ ಹೋದೆ, ಲಸಿಕೆ ಇದ್ದರೂ ಹಾಕಲಿಲ್ಲ." ಸಿಸ್ಟರ್‌ದು ತಪ್ಪಿಲ್ಲ. ಕೋವಿಶೀಲ್ಡ್ ಲಸಿಕೆಯ ಒಂದು ಬಾಟಲಿಯಲ್ಲಿ 10 ಜನಕ್ಕೆ ಆಗುವಷ್ಟು ಇರುತ್ತೆ, ಒಬ್ಬರಿಗೆ ಅರ್ಧ ಎಂ.ಎಲ್. ಬಾಟಲಿ ಒಮ್ಮೆ ತೆರೆದರೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದಿದ್ದು ಚೆಲ್ಲಬೇಕು. ಮೂರು ಜನಕ್ಕೋಸ್ಕರ ಹೊಸ ಬಾಟಲಿ ತೆರೆದರೆ ಏಳು ಜನರದ್ದು ಹಾಳು. ಹಾಗಾಗಿ ಒಬ್ಬೊಬ್ಬರೇ ಸಂಜೆ ಹೋಗಿ ನಿಲ್ಲಬೇಡಿ. ಬೀದಿಯಲ್ಲಿ ಹತ್ತು ಜನ ಸೇರಿ, ಆಶಾ ಕಾರ್ಯಕರ್ತೆ ಅಕ್ಕನಿಗೆ ಹಿಂದಿನ ದಿನವೇ ಹೇಳಿ, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಅಲ್ಲಿಂದಲೇ ಹೊರಡಿ. ಹತ್ತು ಜನ ಒಟ್ಟಿಗೆ ನಿಂತರೆ ಬಾಟಲಿ ತೆರೆಯಲು ಅವರಿಗೂ ಹಿಂಜರಿಕೆ ಇರುವುದಿಲ್ಲ. ಒಟ್ಟಿಗೆ ಅಂದರೆ ಒಂದೇ ಆಟೋದಲ್ಲಿ ಹತ್ತು ಜನ ಅಲ್ಲ ಮತ್ತೆ.

ಮೊಬೈಲಲ್ಲಿ ಬುಕ್ ಮಾಡುತ್ತೀನಿ ಅನ್ನೋ ಹುಡುಗರು ಸರ್ಕಾರದ ಲಸಿಕೆ ವೆಬ್‌ಸೈಟ್ ಕೋವಿನ್‌ನಲ್ಲಿ ಮಾಡಿ, ಈಗ ಕನ್ನಡದಲ್ಲೂ ಇದೆ. ಒಂದು ನಂಬರಿಗೆ 4 ಜನರ ಹೆಸರು ಸೇರಿಸಬಹುದು. ಹೆಸರು ಹೊಡೆಯುವಾಗ ಆಧಾರ್ ಎದುರಿಗೆ ಇಟ್ಟುಕೊಂಡು ಅದರಲ್ಲಿ ಇದ್ದ ಹಾಗೇ ಹೊಡೆಯಿರಿ. ಬುಕ್ ಮಾಡಿದರೆ 4 ಅಂಕಿಯ ಒಂದು ಕೋಡ್ ಬರುತ್ತೆ, ಅದನ್ನು ಲಸಿಕೆ ಹಾಕುವ ಕಡೆ ಮಾತ್ರ ಹೇಳಿ, ಫೋನ್ ಮಾಡಿ ಕೇಳುವವರಿಗೆ ಹೇಳಬೇಡಿ. ನಮ್ಮ ಅತ್ತೆಯವರಿಗೆ ಒಂದು ಕಡೆ ಹಾಕಿಸಿದಾಗ ಸರ್ಟಿಫಿಕೇಟ್‌ನಲ್ಲಿ ಅವರು ಗಂಡಸಾಗಿಬಿಟ್ಟಿದ್ದರು! ಮನೆಯಲ್ಲಿ ಇನ್ನೂ ನಗುತ್ತಾರೆ. ಹೆಸರು, ಹುಟ್ಟಿದ ವರ್ಷ, ಗಂಡು ಹೆಣ್ಣು ಇವು ತಪ್ಪಾಗಿದ್ದರೆ ಕೋವಿನ್‌ನಲ್ಲೇ ತಿದ್ದಬಹುದು, ಆದರೆ ಒಂದೇ ಸಲ. ಆತುರದಲ್ಲಿ ತಿದ್ದಿ ಇನ್ನೊಂದು ತಪ್ಪು ಮಾಡಿಕೊಳ್ಳಬೇಡಿ.

ಎರಡನೇ ಡೋಸ್ ಯಾವಾಗ ಅನ್ನೋದರಲ್ಲೇ ಜಾಸ್ತಿ ಗೊಂದಲ. ಮಾರ್ಚ್, ಏಪ್ರಿಲ್‌ನಲ್ಲಿ ಹಾಕಿಸಿಕೊಂಡ ಹಿರಿಯರ ಚೀಟಿಯಲ್ಲಿ ಹಳೇ ತಾರೀಕು ಇದೆ. ಮೇ 13ರಂದು ಕೋವಿಶೀಲ್ಡ್ ಗ್ಯಾಪ್ ಅನ್ನು 12ರಿಂದ 16 ವಾರ ಮಾಡಿದರು. ಅಂದರೆ ಕಡಿಮೆ ಅಂದರೂ 84 ದಿನ. ಏಪ್ರಿಲ್ 10ಕ್ಕೆ ಹಾಕಿಸಿಕೊಂಡವರಿಗೆ ಜುಲೈ 3ಕ್ಕೆ 84 ದಿನ ಆಗಿದೆ, ಅವರು ಈಗಲೇ ಹೊರಡಬಹುದು. ಇನ್ನೊಂದು ಲಸಿಕೆ ಕೊವ್ಯಾಕ್ಸಿನ್ ಆದರೆ 4ರಿಂದ 6 ವಾರ. ದಿನ ಎಣಿಸಲು ಕಷ್ಟ ಅನ್ನೋರಿಗೆ ನಮ್ಮ ರೇಷ್ಮೆ ಹುಳದ ಲೆಕ್ಕದಲ್ಲೇ ಹೇಳುತ್ತೇನೆ. ಮೊಟ್ಟೆಯಿಂದ ಗೂಡಿನ ತನಕ ಹೆಚ್ಚು ಕಡಿಮೆ 28 ದಿನ ಅಲ್ವಾ? ಕೊವ್ಯಾಕ್ಸಿನ್‌ಗೆ ಒಂದು ಬೆಳೆ, ಕೋವಿಶೀಲ್ಡ್‌ಗೆ ಮೂರು ಬೆಳೆ. ಮೊದಲು ಯಾವುದು ಹಾಕಿದ್ದರೋ ಎರಡನೆಯದೂ ಅದೇ ಆಗಬೇಕು. ಯಾವುದು ಅಂತ ನೆನಪಿಲ್ಲದಿದ್ದರೆ ಮೊಬೈಲಿಗೆ ಬಂದ ಮೆಸೇಜ್ ತೋರಿಸಿ, ಅದನ್ನು ಅಳಿಸಬೇಡಿ.

ಹುಳು ಸಾಕುವ ಮನೆಯವರು ಇದನ್ನು ಗಮನ ಇಟ್ಟು ಓದಿ. ಮನೆಮಂದಿಯೆಲ್ಲ ಒಂದೇ ದಿನ ಹಾಕಿಸಿಕೊಳ್ಳಬೇಡಿ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲಿನ ಏಳೆಂಟು ದಿನ ಹುಳು ತಿನ್ನೋದು ನಿಮಗೇ ಗೊತ್ತು. ಆ ಹೊತ್ತಲ್ಲಿ ಗಂಡ ಹೆಂಡತಿ ಇಬ್ಬರೂ ಮೈಕೈ ನೋವು ಅಂತ ಮಲಗಿದರೆ ಸೊಪ್ಪು ಕೊಯ್ಯೋರು ಯಾರು? ಹುಳು ಇನ್ನೂ ಮರಿಯಾಗಿ ಚಾಕಿ ಹಂತದಲ್ಲಿ ಇರುವಾಗ ಅರ್ಧ ಜನ ಹೋಗಿ ಬನ್ನಿ, ಇನ್ನರ್ಧ ಜನ ಗೂಡು ಬಿಡಿಸಿ ಮಾರ್ಕೆಟ್‌ಗೆ ಹಾಕಿದ ಮಾರನೇ ದಿನ. ನಾನೇ ಇದನ್ನು ಯೋಚನೆ ಮಾಡದೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವ ದಿನ ಹೋಗಿ ಹಾಕಿಸಿಕೊಂಡು ರಾತ್ರಿ ಚಳಿಯಲ್ಲಿ ನಡುಗುತ್ತಾ ಹುಳು ಆರಿಸಿದ್ದೇನೆ. ಆಳಿನವರಿಗೆ ಹಾಕಿಸಿದರೂ ಮಾರನೇ ದಿನ ರಜೆ ಕೊಡಿ, ಕೂಲಿ ಹಿಡಿಯಬೇಡಿ.

ಇನ್ನು ಜ್ವರ. ಹುಳು ಜ್ವರಕ್ಕೆ ಕೂತಾಗ ನಾವು ಹೆದರುತ್ತೀವಾ? ಒಂದು ದಿನ ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತೆ, ಆಮೇಲೆ ಎದ್ದು ಮೊದಲಿಗಿಂತ ಚೆನ್ನಾಗಿ ತಿನ್ನುತ್ತೆ. ಲಸಿಕೆ ಜ್ವರವೂ ಒಂದೆರಡು ದಿನದ್ದೇ. ಮೈ ಬಿಸಿ, ಕೈ ನೋವು, ಸುಸ್ತು ಬರಬಹುದು, ಕೆಲವರಿಗೆ ಏನೂ ಆಗುವುದಿಲ್ಲ. ಪ್ಯಾರಾಸಿಟಮಾಲ್ ಮಾತ್ರೆ ತಗೊಳ್ಳಿ. ಹುಳಕ್ಕೆ ಸೊಪ್ಪು ಹಾಕಲ್ಲ ಅಂತ ಮನುಷ್ಯರನ್ನೂ ಉಪವಾಸ ಕೆಡವಬೇಡಿ, ಗಂಜಿ, ನೀರು ಚೆನ್ನಾಗಿ ಕೊಡಿ. ಹೋಗುವಾಗಲೂ ಹೊಟ್ಟೆಗೆ ತಿಂದು ಹೋಗಿ. ಹಾಕಿಸಿಕೊಂಡ ಮೇಲೆ ಅಲ್ಲೇ ಅರ್ಧ ಗಂಟೆ ಕೂತಿರಿ, ಹಾಲು ಕರೆಯೋ ಹೊತ್ತಾಯ್ತು ಅಂತ ಓಡಬೇಡಿ. ಮೂರು ದಿನ ಆದರೂ ಜ್ವರ ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ಅಪರೂಪಕ್ಕೆ ಆಗುವ ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ: ಕೋವಿಶೀಲ್ಡ್ ಹಾಕಿಸಿಕೊಂಡ 20 ದಿನದ ಒಳಗೆ ಉಸಿರು ಕಟ್ಟಿದ ಹಾಗೆ ಆದರೆ, ಎದೆ ನೋವು ಬಂದರೆ, ಕಾಲು ಊದಿದರೆ, ತಡೆಯಲಾರದ ತಲೆನೋವು ಬಿಡದೆ ಇದ್ದರೆ ಆಗಲೇ ಆಸ್ಪತ್ರೆಗೆ ಹೋಗಿ, ಲಸಿಕೆ ಯಾವತ್ತು ಹಾಕಿಸಿಕೊಂಡಿದ್ದು ಅಂತ ಹೇಳಿ.

ಬಿಪಿ, ಶುಗರ್ ಇರುವವರು ಮಾತ್ರೆ ನಿಲ್ಲಿಸದೆ ಹಾಕಿಸಿಕೊಳ್ಳಿ, ಅವರಿಗೇ ಇದು ಜಾಸ್ತಿ ಬೇಕಾಗಿರೋದು. ರಕ್ತ ತೆಳು ಆಗುವ ಮಾತ್ರೆ ತಗೊಳ್ಳೋರು ಸಿಸ್ಟರ್‌ಗೆ ಮೊದಲೇ ಹೇಳಿ. ಕೊರೋನಾ ಬಂದು ವಾಸಿ ಆದವರು ಮೂರು ತಿಂಗಳು ಬಿಟ್ಟು ಬನ್ನಿ. ಹಾಲು ಕುಡಿಸುವ ತಾಯಂದಿರು ಹಾಕಿಸಿಕೊಳ್ಳಬಹುದು. ಬಸುರಿಯರಿಗೂ ಜುಲೈ 2ರಿಂದ ಒಪ್ಪಿಗೆ ಸಿಕ್ಕಿದೆ. ಮುಟ್ಟಾದಾಗ ಹಾಕಿಸಿಕೊಳ್ಳಬಾರದು ಅನ್ನೋದು ಸುಳ್ಳು. ಹಾಕಿಸಿಕೊಂಡರೆ ಎರಡು ವರ್ಷಕ್ಕೆ ಸಾಯುತ್ತಾರೆ, ಮಕ್ಕಳಾಗಲ್ಲ, ಇವೂ ಸುಳ್ಳು. ಎಣ್ಣೆ ಹಾಕೋ ಅಣ್ಣಂದಿರ ಪ್ರಶ್ನೆ ಬೇರೆ ಇದೆ, ಅದನ್ನು ನನ್ನ ಹತ್ತಿರ ಕೇಳಲು ನಾಚಿಕೆ ಪಟ್ಟು ಯಜಮಾನರ ಹತ್ತಿರ ಕೇಳಿದ್ದಾರೆ. ಕುಡಿಯೋರು ಲಸಿಕೆ ಹಾಕಿಸಿಕೊಳ್ಳೋ ಹಾಗಿಲ್ಲ ಅನ್ನೋ ನಿಯಮ ಎಲ್ಲೂ ಇಲ್ಲ. ಆ ಒಂದೆರಡು ದಿನ ಮಾತ್ರ ಬಿಡಿ, ಜ್ವರ ಯಾವುದರದ್ದು ಅಂತ ನಮಗೂ ಗೊತ್ತಾಗಲಿ.

ಲಸಿಕೆ ಸರದಿಯ ಟೋಕನ್ ಬಗ್ಗೆ. "ಅಕ್ಕ, ನಮ್ಮ ಮನೆಗೆ ಐದು ಎತ್ತಿಡಿ" ಅಂತ ಕೇಳಬೇಡಿ. ಎತ್ತಿಡಲ್ಲ. ನಡೆಯಲಾಗದ ಹಿರಿಯರು, ಡಯಾಲಿಸಿಸ್‌ಗೆ ಹೋಗುವವರು, ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರು ಇದ್ದರೆ ಹೇಳಿ, ಅವರ ಹೆಸರನ್ನು ಆಶಾ ಅಕ್ಕನ ಪಟ್ಟಿಯಲ್ಲಿ ಮುಂದೆ ಬರೆಸುತ್ತೇನೆ. ನನಗೆ ಓಟು ಹಾಕದವರೂ ಬರಬಹುದು. ಯಾರು ಹಾಕಿಲ್ಲ ಅಂತ ನನಗೆ ಗೊತ್ತು, ಆದರೂ ಬನ್ನಿ.

ಈಗ ಅನ್‌ಲಾಕ್. ಜುಲೈ 5ರಿಂದ ಅಂಗಡಿ, ಹೋಟೆಲ್ ತೆರೆದಿವೆ, ಶನಿವಾರ ಭಾನುವಾರದ ಕರ್ಫ್ಯೂ ಇಲ್ಲ. ರಾತ್ರಿ 9ರಿಂದ ಬೆಳಿಗ್ಗೆ 5ರ ತನಕ ಕರ್ಫ್ಯೂ ಇದೆ. ಬಸ್ಸಲ್ಲಿ ಸೀಟು ಇರುವಷ್ಟೇ ಜನ. ದೇವಸ್ಥಾನದಲ್ಲಿ ದರ್ಶನ ಮಾತ್ರ, ಸೇವೆ ಇಲ್ಲ. ಸ್ಕೂಲು, ಸಿನಿಮಾ ಟೆಂಟ್ ಇನ್ನೂ ಇಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ 19 ಮತ್ತು 22ಕ್ಕೆ ಇದೆ, ಮಕ್ಕಳನ್ನು ಬಿಟ್ಟು ಗೇಟಿನ ಹತ್ತಿರ ಗುಂಪು ಕಟ್ಟದೆ ವಾಪಸ್ ಬನ್ನಿ. ಮದುವೆಗೆ 100 ಜನ. ಆಷಾಢ ಅಂತ ಸದ್ಯಕ್ಕೆ ಮದುವೆ ಕಾಟವಿಲ್ಲ, ಶ್ರಾವಣಕ್ಕೆ ಹಾಲ್ ಹಿಡಿದವರು ಕಾರ್ಡು ಜಾಸ್ತಿ ಹೊಡೆಸಬೇಡಿ.

ತೆರೆದಿದೆ ಅಂದರೆ ರೋಗ ಹೋಯ್ತು ಅಂತಲ್ಲ. ನಂದಿಬೆಟ್ಟದ ರಸ್ತೆಯಲ್ಲಿ ಭಾನುವಾರದ ಕಾರುಗಳ ಸಾಲು ನೋಡಿದರೆ ಬೆಂಗಳೂರಿನವರು ಹಾಗೇ ಅಂದುಕೊಂಡ ಹಾಗಿದೆ. ನಮಗಾದರೂ ಇದು ಹೊಸದಲ್ಲ. ಶಿಡ್ಲಘಟ್ಟದ ಸುತ್ತ ಯಾವ ಊರಿಗೇ ಹೋಗಿ, ಮನೆಯಲ್ಲಿ ಹುಳು ಇದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಭಾವನಾಗಲಿ, ಬೀಗರಾಗಲಿ, ಕೈಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ಪಕ್ಕದ ಮನೆಯಲ್ಲಿ ಸುಣ್ಣಕಟ್ಟು ರೋಗ ಬಂದಿದೆ ಅಂದರೆ ಅವರ ತಟ್ಟೆ, ಬುಟ್ಟಿ ಮುಟ್ಟುವುದಿಲ್ಲ, ಯಾರೂ ಅದಕ್ಕೆ ಬೇಜಾರೂ ಮಾಡಿಕೊಳ್ಳುವುದಿಲ್ಲ. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುತ್ತೀವಿ. ಇದಕ್ಕೆಲ್ಲ ಪೊಲೀಸರು ಬಂದು ನಿಲ್ಲಬೇಕಾಗಿಲ್ಲ. ಹುಳಕ್ಕೆ ಮಾಡುವಷ್ಟನ್ನು ಅಜ್ಜಿಗೆ ಮಾಡಿ ಅನ್ನೋದಷ್ಟೇ ನನ್ನ ಮಾತು. ಮಾಸ್ಕ್ ಅಂದರೆ ಹುಳು ಕೆಡಿಸುವ ಊಜಿ ನೊಣ ಒಳಗೆ ಬರದಂತೆ ಕಟ್ಟುವ ಬಲೆ ಇದ್ದ ಹಾಗೆ. ಮೂಗು ಬಿಟ್ಟು ಹಾಕಿದರೆ ಕಿಟಕಿಗೆ ಬಲೆ ಕಟ್ಟಿ ಬಾಗಿಲು ತೆರೆದಿಟ್ಟ ಹಾಗೆ. ಎರಡು ಡೋಸ್ ಆದವರೂ ಹಾಕಿ. ಗೂಡು ಮಾರ್ಕೆಟ್‌ಗೆ ಮನೆಗೆ ಒಬ್ಬರು ಹೋಗಿ, ರೇಟು ಕೂಗುವಾಗಲಂತೂ ಮಾಸ್ಕ್ ಕೆಳಗೆ ಇಳಿಸಬೇಡಿ.

ಕಷ್ಟ ಇರೋದು ಸಾವಿನ ಮನೆಯದ್ದು. 20 ಜನ ಅಂತ ನಿಯಮ. ಮದುವೆಗೆ ಹೋಗದಿದ್ದರೆ ನಡೆಯುತ್ತೆ, ಸಾವಿಗೆ ಹೋಗದೆ ಇದ್ದರೆ ನಮ್ಮಲ್ಲಿ ಜನ್ಮಪೂರ್ತಿ ಮಾತು. ಮೇ ತಿಂಗಳಲ್ಲಿ ನಾನೂ ನಿಯಮ ಮೀರಿ ಒಂದು ಸಾವಿಗೆ ಹೋದೆ, ವಾಪಸ್ ಬಂದ ವಾರಕ್ಕೆ ನಮ್ಮ ಮನೆಯಲ್ಲಿ ಮೂರು ಜನ ಮಲಗಿದರು. ಅದಕ್ಕೇ ಈಗ ನಮ್ಮ ಬೀದಿಯಲ್ಲಿ ಒಂದು ಮಾಡಿಕೊಂಡಿದ್ದೀವಿ: ಮನೆಯವರು, ಹೊರುವವರು ಬಿಟ್ಟು ಉಳಿದವರು ಆ ದಿನ ಹೋಗುವುದಿಲ್ಲ. ಆಮೇಲೆ ದಿನಕ್ಕೆ ಇಬ್ಬರಂತೆ ಹೋಗಿ ಜಗಲಿಯಲ್ಲಿ ಕೂತು ಮಾತಾಡಿಸಿ ಬರುತ್ತೀವಿ. ತಿಥಿ ಊಟದ ಬದಲು ಆ ಮನೆಗೇ ಅಕ್ಕಿ, ರಾಗಿ ಕಳಿಸುತ್ತೀವಿ. ಬೇರೆ ಬೀದಿಯವರೂ ಮಾತಾಡಿಕೊಂಡರೆ ಒಳ್ಳೆಯದು, ನಾನು ಬಂದು ಕೂರುತ್ತೇನೆ.

ಬಿಪಿಎಲ್ ಮನೆಯಲ್ಲಿ ದುಡಿಯುವವರು ಕೊರೋನಾದಿಂದ ತೀರಿಕೊಂಡಿದ್ದರೆ ಸರ್ಕಾರ 1 ಲಕ್ಷ ಘೋಷಿಸಿದೆ. ಟೆಸ್ಟ್ ರಿಪೋರ್ಟು, ಆಸ್ಪತ್ರೆ ಚೀಟಿ, ಮರಣ ಪತ್ರ, ರೇಷನ್ ಕಾರ್ಡು ಎಲ್ಲ ಒಂದು ಕವರಿಗೆ ಹಾಕಿಡಿ. ಬೇಗ ಮಾಡಿಸಿಕೊಡುತ್ತೀನಿ ಅಂತ ಬರುವ ಏಜೆಂಟರಿಗೆ ಮೂಲ ಪ್ರತಿ ಕೊಡಬೇಡಿ.

ಕೆಮ್ಮು, ಜ್ವರ ಬಂದರೆ ಮುಚ್ಚಿಡದೆ ಟೆಸ್ಟ್ ಮಾಡಿಸಿ. ಬೇರೆ ಏನೇ ಕೇಳೋದಿದ್ದರೂ 104ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೆ ಮಾಡುವವರು ರಾತ್ರಿ ಎಂಟರೊಳಗೆ ಮಾಡಿ, ಆಮೇಲೆ ನಾನು ಸೊಪ್ಪು ಹಾಕಲು ಹುಳು ಮನೆಯಲ್ಲಿ ಇರುತ್ತೇನೆ, ಫೋನ್ ಯಜಮಾನರ ಕೈಯಲ್ಲಿರುತ್ತೆ.