ಬಾಯಿಮಾತಿನ ದೂರಿಗೆ ತಾರೀಖಿಲ್ಲ: ಅಮೆರಿಕದ ಶಾಲೆಗೆ ಮಕ್ಕಳನ್ನು ಸೇರಿಸಿದ ಹೊಸಬರಿಗೆ

ಆಗಸ್ಟ್ ಬಂತೆಂದರೆ ಕ್ಯಾಲಿಫೋರ್ನಿಯಾದ ನಮ್ಮ ಸನ್ನಿವೇಲ್ ಕಡೆಯ ಅಪಾರ್ಟ್‌ಮೆಂಟುಗಳಿಗೆ ಹೊಸ ಸಂಸಾರಗಳು ಬಂದಿಳಿಯುತ್ತವೆ. ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆಗಳ ಮಳೆ. ಯಾವ ಶಾಲೆಗೆ ರೇಟಿಂಗ್ ಎಷ್ಟು, ಟಿಬಿ ಟೆಸ್ಟ್ ಎಲ್ಲಿ ಮಾಡಿಸೋದು, ವಿಳಾಸಕ್ಕೆ ಕರೆಂಟ್ ಬಿಲ್ ಸಾಕಾ. ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೇನೆ, ಇವಕ್ಕೆಲ್ಲ ನಿದ್ದೆಗಣ್ಣಲ್ಲೂ ಉತ್ತರ ಹೇಳಬಲ್ಲೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಲು ಬಾಯೂ ಬರುವುದಿಲ್ಲ: ಶಾಲೆಯ ಮೇಷ್ಟ್ರೋ ಕೋಚೋ ಮಗುವಿನ ಜೊತೆ ಲೈಂಗಿಕವಾಗಿ ಕೆಟ್ಟದಾಗಿ ನಡೆದುಕೊಂಡರೆ ಹೊಣೆ ಯಾರದು?

ನಾನು ವಕೀಲೆ ಅಲ್ಲ. ಪರಿಚಯದ ಕುಟುಂಬವೊಂದರ ಜೊತೆ ಓಡಾಡಿ ಕಲಿತದ್ದಿದು. ಅವರ ಮಗಳು ಆಗ ಏಳನೇ ಕ್ಲಾಸು. ಕೋಚೊಬ್ಬ ರಾತ್ರಿ ಹತ್ತರ ಮೇಲೆ ಮೆಸೇಜು ಕಳಿಸುತ್ತಿದ್ದ, ‘ಅಮ್ಮನಿಗೆ ತೋರಿಸಬೇಡ’ ಎಂಬ ಮಾತೂ ಅದರಲ್ಲಿತ್ತು. ತಾಯಿ ಶಾಲೆಯ ಕಚೇರಿಯ ಕೌಂಟರ್‌ಗೆ ಹೋಗಿ, ನಮ್ಮವರು ಮಾಡುವ ಹಾಗೇ, ನಗುನಗುತ್ತಾ, ‘ತಪ್ಪು ತಿಳೀಬೇಡಿ, ಸ್ವಲ್ಪ ನೋಡ್ತೀರಾ’ ಎಂದು ಎರಡು ಸಲ ಹೇಳಿ ಬಂದರು. ಚಳಿಗಾಲದಲ್ಲಿ ಇನ್ನೊಬ್ಬ ಹುಡುಗಿಯ ಮನೆಯವರು ಪೊಲೀಸರಿಗೆ ದೂರು ಕೊಟ್ಟಾಗ ಶಾಲೆ ಹೇಳಿದ್ದು ಒಂದೇ ಮಾತು: ಇದಕ್ಕೆ ಮೊದಲು ನಮಗೆ ಯಾವ ದೂರೂ ಬಂದಿಲ್ಲ. ಈ ತಾಯಿಯ ಹತ್ತಿರ ಒಂದು ತುಂಡು ಕಾಗದವೂ ಇರಲಿಲ್ಲ. ಅವರ ಮಗಳಿಗೆ ಅದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ ಎಂಬುದು ಸಮಾಧಾನ. ಆದರೂ ಆ ಇನ್ನೊಂದು ಹುಡುಗಿಯನ್ನು ನೆನೆದು ಅವರು ಇವತ್ತಿಗೂ ಕಣ್ಣೀರು ಹಾಕುತ್ತಾರೆ.

ಮೊದಲು, ಇಲ್ಲಿ ಶಾಲೆಗಳನ್ನು ನಡೆಸುವ ಡಿಸ್ಟ್ರಿಕ್ಟ್ ಎಂದರೇನು ನೋಡಿ. ಊರಿನ ಬಿಇಓ ಕಚೇರಿ ಥರದ್ದಲ್ಲ. ಜನ ಆರಿಸಿದ ಬೋರ್ಡು, ಅದರ ಕೈಕೆಳಗೆ ಒಬ್ಬ ಸೂಪರಿಂಟೆಂಡೆಂಟ್, ತನ್ನದೇ ಬಜೆಟ್ಟು ಇರುವ ಸ್ವತಂತ್ರ ಸಂಸ್ಥೆ ಅದು. ಅದರ ಹೆಸರಿನ ಮೇಲೇ ದಾವೆ ಹೂಡಬಹುದು. ನಿಮ್ಮದು ಯಾವ ಡಿಸ್ಟ್ರಿಕ್ಟ್ ಎಂದು ಊರಿನ ಹೆಸರು ನೋಡಿ ಊಹಿಸಬೇಡಿ. ಸನ್ನಿವೇಲ್‌ನ ಕೆಲವು ಮನೆಗಳು ಎಂಟನೇ ಕ್ಲಾಸಿನವರೆಗೆ ಕುಪರ್ಟಿನೋ ಡಿಸ್ಟ್ರಿಕ್ಟಿಗೆ ಸೇರುತ್ತವೆ, ಹೈಸ್ಕೂಲಿಗೆ ಬಂದರೆ ಫ್ರೀಮಾಂಟ್ ಯೂನಿಯನ್ ಡಿಸ್ಟ್ರಿಕ್ಟು. ಫ್ರೀಮಾಂಟ್ ಊರಿಗೂ ಅದಕ್ಕೂ ಸಂಬಂಧವೇ ಇಲ್ಲ! ದೂರು ತಪ್ಪು ಬಾಗಿಲಿಗೆ ಹೋದರೆ ವಾರಗಟ್ಟಲೆ ಕಳೆದುಹೋಗುತ್ತದೆ.

ಮೇಷ್ಟ್ರು ತಪ್ಪು ಮಾಡಿದರೆ ಸಂಬಳ ಕೊಡುವ ಡಿಸ್ಟ್ರಿಕ್ಟು ತಾನಾಗೇ ಹೊಣೆಯಾಗುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಇಲ್ಲಿನ ಕಾನೂನೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಯಾರಿಗೆ, ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದರು?

ಕೇಂದ್ರದ ಕಾನೂನು ಟೈಟಲ್ ನೈನ್, 1972ರದ್ದು. ಶಿಕ್ಷಣದಲ್ಲಿ ಲಿಂಗದ ಕಾರಣಕ್ಕೆ ತಾರತಮ್ಯ ಕೂಡದು ಎನ್ನುತ್ತದೆ. ಅದರಡಿ ವಿದ್ಯಾರ್ಥಿನಿಗೆ ಹಣದ ಪರಿಹಾರವೂ ಸಿಗಬಹುದು ಎಂದು ಸುಪ್ರೀಂ ಕೋರ್ಟು 1992ರಲ್ಲಿ ಜಾರ್ಜಿಯಾದ ಒಂದು ಪ್ರಕರಣದಲ್ಲಿ ಹೇಳಿತು. ಆರು ವರ್ಷದ ನಂತರ ಟೆಕ್ಸಾಸ್‌ನ ಲಾಗೋ ವಿಸ್ಟಾ ಪ್ರಕರಣ ಬಂತು. ಕಾನೂನು ಪುಸ್ತಕಗಳಲ್ಲಿ ಅದಕ್ಕೆ ಹುಡುಗಿಯ ಮನೆತನದ ಹೆಸರಿದೆ. ನನಗೆ ಊರಿನ ಹೆಸರೇ ಸಾಕು. ಪುಸ್ತಕ ಚರ್ಚೆಯ ಗುಂಪಿನಲ್ಲಿ ಪರಿಚಯವಾದ ಮೇಷ್ಟ್ರು, ಹುಡುಗಿ ಹೈಸ್ಕೂಲಿಗೆ ಬಂದ ಮೇಲೆ ಅವಳನ್ನು ದುರುಪಯೋಗಪಡಿಸಿಕೊಂಡ. ಅವನು ಸಿಕ್ಕಿಬೀಳುವ ಕೆಲವೇ ತಿಂಗಳ ಮುಂಚೆ, 1992ರ ಅಕ್ಟೋಬರ್‌ನಲ್ಲಿ, ಬೇರೆ ಇಬ್ಬರು ವಿದ್ಯಾರ್ಥಿಗಳ ತಂದೆತಾಯಿ ಪ್ರಿನ್ಸಿಪಾಲರ ಬಳಿ ದೂರಿದ್ದರು, ಕ್ಲಾಸಿನಲ್ಲಿ ಅಸಭ್ಯ ಮಾತಾಡುತ್ತಾನೆಂದು. ಪ್ರಿನ್ಸಿಪಾಲರು ಎಲ್ಲರನ್ನೂ ಕೂರಿಸಿ ಮಾತಾಡಿಸಿದರು, ಮೇಷ್ಟ್ರು ಕ್ಷಮೆ ಕೇಳಿದ, ಅಲ್ಲಿಗೆ ಮುಗಿಯಿತು. ಸೂಪರಿಂಟೆಂಡೆಂಟರಿಗೆ ಸುದ್ದಿ ಮುಟ್ಟಲೇ ಇಲ್ಲ. ಟೈಟಲ್ ನೈನ್ ದೂರುಗಳನ್ನು ನೋಡಿಕೊಳ್ಳಬೇಕಾದ ಅಧಿಕಾರಿಯೂ ಅವರೇ ಆಗಿದ್ದರು!

ಸುಪ್ರೀಂ ಕೋರ್ಟು 1998ರಲ್ಲಿ ಐದು–ನಾಲ್ಕರ ಬಹುಮತದಿಂದ ಡಿಸ್ಟ್ರಿಕ್ಟಿನ ಪರವಾಗಿ ತೀರ್ಪು ಕೊಟ್ಟಿತು. ಸರಿಪಡಿಸುವ ಅಧಿಕಾರವಿರುವ ಅಧಿಕಾರಿಗೆ ವಿಷಯ ನಿಜವಾಗಿ ಗೊತ್ತಿರಬೇಕು, ಗೊತ್ತಿದ್ದೂ ಅವರು ಬೇಕೆಂದೇ ಕಣ್ಣುಮುಚ್ಚಿ ಕೂತಿರಬೇಕು, ಆಗ ಮಾತ್ರ ಟೈಟಲ್ ನೈನ್ ಅಡಿ ಪರಿಹಾರ. ಕ್ಲಾಸಿನ ಅಸಭ್ಯ ಮಾತಿನ ದೂರು ಆ ಹುಡುಗಿಯ ಮೇಲೆ ನಡೆಯುತ್ತಿದ್ದುದನ್ನು ತಿಳಿಸಿದಂತಾಗಲಿಲ್ಲ ಎಂದಿತು. ನನ್ನನ್ನು ಕೇಳಿದರೆ ಇದು ಕಿವಿ ಮುಚ್ಚಿಕೊಂಡವರಿಗೆ ಬಹುಮಾನ ಕೊಟ್ಟ ತೀರ್ಪು. ಆದರೆ ನಿಮ್ಮ ದೂರು ಎಲ್ಲಿಗೆ ತಲುಪಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇರೆ ಇಲ್ಲ. ಕ್ಲಾಸ್ ಟೀಚರ್ ಹತ್ತಿರ ನಿಂತುಬಿಟ್ಟ ದೂರು ಅರ್ಧ ದಾರಿಯ ದೂರು.

ರಾಜ್ಯದ ಕಾನೂನಿನಲ್ಲಿ ಬಾಗಿಲು ಇನ್ನಷ್ಟು ಅಗಲ, ಕನಿಷ್ಠ ಕ್ಯಾಲಿಫೋರ್ನಿಯಾದಲ್ಲಿ. ಮೇಷ್ಟ್ರ ಲೈಂಗಿಕ ಕೃತ್ಯ ಅವನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕಾಗಿ ಡಿಸ್ಟ್ರಿಕ್ಟು ತಾನಾಗೇ ಹೊಣೆಯಾಗುವುದಿಲ್ಲ ಎಂದು ಕ್ಯಾಲಿಫೋರ್ನಿಯಾ ರಾಜ್ಯದ್ದೇ ಆದ ಸುಪ್ರೀಂ ಕೋರ್ಟು ಓಕ್ಲೆಂಡ್‌ನ ಪ್ರಕರಣದಲ್ಲಿ 1989ರಲ್ಲೇ ಹೇಳಿತ್ತು. ಆದರೆ 2012ರಲ್ಲಿ ವಿಲಿಯಂ ಎಸ್. ಹಾರ್ಟ್ ಡಿಸ್ಟ್ರಿಕ್ಟಿನ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಸೇರಿಸಿತು: ಅಪಾಯ ಗೊತ್ತಿದ್ದೂ, ಅಥವಾ ಗೊತ್ತಿರಬೇಕಾಗಿದ್ದೂ, ಅಂಥವರನ್ನು ನೇಮಿಸಿಕೊಂಡ, ಮೇಲ್ವಿಚಾರಣೆ ಮಾಡದ, ಕೆಲಸದಲ್ಲಿ ಉಳಿಸಿಕೊಂಡ ಆಡಳಿತದವರ ನಿರ್ಲಕ್ಷ್ಯಕ್ಕೆ ಡಿಸ್ಟ್ರಿಕ್ಟು ಉತ್ತರ ಕೊಡಬೇಕು. ‘ಗೊತ್ತಿರಬೇಕಾಗಿತ್ತು’ ಎಂಬ ಆ ಒಂದು ಪದದಲ್ಲೇ ದಾವೆಯ ಜೀವ ಇದೆ. ನಿಮ್ಮ ಹಳೆಯ ಇಮೇಲು ಅಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ.

ಲಾಸ್ ಏಂಜಲೀಸ್‌ನ ಮಿರಾಮಾಂಟೆ ಪ್ರಾಥಮಿಕ ಶಾಲೆಯ ಕಥೆ ಇಲ್ಲಿ ಹೇಳಲೇಬೇಕು. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ವಲಸೆ ಬಂದ ಲ್ಯಾಟಿನೋ ಕುಟುಂಬದವರು. ಮೂರು ದಶಕ ಅಲ್ಲೇ ಪಾಠ ಮಾಡಿದ ಮೇಷ್ಟ್ರೊಬ್ಬ 2012ರ ಜನವರಿಯಲ್ಲಿ ಬಂಧನವಾದ. ಸಿಕ್ಕಿಬಿದ್ದದ್ದು ಶಾಲೆಯಿಂದಲ್ಲ, ಫೋಟೋ ತೊಳೆಯುವ ಅಂಗಡಿಯವರಿಗೆ ಚಿತ್ರಗಳನ್ನು ನೋಡಿ ಅನುಮಾನ ಬಂದದ್ದರಿಂದ. ಕೆದಕಿ ನೋಡಿದರೆ 1990ರ ದಶಕದಿಂದಲೇ ದೂರುಗಳಿದ್ದವು. ಅವನಿಗೆ 25 ವರ್ಷ ಜೈಲು. ವಜಾ ವಿರುದ್ಧದ ಹೋರಾಟ ಬಿಡಲೆಂದು ಡಿಸ್ಟ್ರಿಕ್ಟು ಅವನಿಗೇ 40,000 ಡಾಲರ್ ಕೊಟ್ಟಿತ್ತು ಎಂಬ ಸುದ್ದಿ ಹೊರಬಿದ್ದಾಗ ಜನ ಕೆರಳಿ ಕೆಂಡವಾದರು. ಕೊನೆಗೆ ಮಕ್ಕಳ ಕುಟುಂಬಗಳಿಗೆ ಮೊದಲು ಸುಮಾರು 3 ಕೋಟಿ ಡಾಲರ್, 2014ರಲ್ಲಿ 13.9 ಕೋಟಿ ಡಾಲರ್ ತೆರಬೇಕಾಯಿತು.

ಅದೇ ಡಿಸ್ಟ್ರಿಕ್ಟಿನ ಇನ್ನೊಂದು ಸಿವಿಲ್ ದಾವೆಯಲ್ಲಿ ಅದರ ವಕೀಲರು, ಹದಿನಾಲ್ಕರ ಹುಡುಗಿಗೂ ಒಪ್ಪಿಗೆ ಕೊಡುವ ಶಕ್ತಿ ಇತ್ತು ಎಂದು ವಾದಿಸಿದರು. ಊರೆಲ್ಲ ಛೀಮಾರಿ ಹಾಕಿತು. 2015ರಲ್ಲಿ ಹೊಸ ಕಾನೂನು ಬಂತು: ಅಧಿಕಾರದ ಸ್ಥಾನದಲ್ಲಿರುವ ದೊಡ್ಡವರ ವಿರುದ್ಧದ ಸಿವಿಲ್ ದಾವೆಯಲ್ಲಿ ‘ಮಗುವಿನ ಒಪ್ಪಿಗೆ ಇತ್ತು’ ಎಂಬ ನೆಪ ನಡೆಯದು. ‘ಹುಡುಗೀನೇ ಅವನ ಹಿಂದೆ ಬಿದ್ದಿದ್ದಳಂತೆ’ ಎಂದು ಪಿಸುಗುಟ್ಟುವವರು ನಮ್ಮವರಲ್ಲೂ ಇದ್ದಾರಲ್ಲ, ಅವರಿಗೆ ಈ ವಿಷಯ ತಿಳಿಸಿ.

ಈಚಿನ ತೀರ್ಪುಗಳು ಇನ್ನೂ ಭಾರಿ. ನಮ್ಮ ಪಕ್ಕದ ಸ್ಯಾನ್ ಹೋಸೆಯಲ್ಲೇ 2022ರಲ್ಲಿ ಜ್ಯೂರಿ ಇಬ್ಬರು ಹಳೆಯ ವಿದ್ಯಾರ್ಥಿನಿಯರಿಗೆ 10.25 ಕೋಟಿ ಡಾಲರ್ ಕೊಡಲು ಹೇಳಿತು. ಮೊರೆನೋ ವ್ಯಾಲಿಯಲ್ಲಿ 2023ರಲ್ಲಿ 13.5 ಕೋಟಿ, ಅದರ ಶೇ. 90ರಷ್ಟು ಹೊಣೆ ಡಿಸ್ಟ್ರಿಕ್ಟಿನದು. ಎರಡೂ ಮಿಡ್ಲ್ ಸ್ಕೂಲಿನ ಪ್ರಕರಣಗಳು. ಆಗ ನಮ್ಮ ಪಾಟ್‌ಲಕ್ ಊಟಗಳಲ್ಲಿ ಕೇಳಿದ ಮಾತು: ಹೀಗಾದರೆ ಡಿಸ್ಟ್ರಿಕ್ಟು ಪಾಪರ್ ಆಗುತ್ತೆ, ಮನೆ ಬೆಲೆ ಬೀಳುತ್ತೆ. ಹಣದ ಭಾರ ಸುಳ್ಳಲ್ಲ. ಇಂಥ ಹಳೆಯ ದಾವೆಗಳ ಬಾಬ್ತು 200ರಿಂದ 300 ಕೋಟಿ ಡಾಲರ್ ಆಗಬಹುದು ಎಂದು 2025ರಲ್ಲಿ ರಾಜ್ಯದ ಶಾಲಾ ಹಣಕಾಸು ತಂಡವೇ ಅಂದಾಜು ಮಾಡಿದೆ. ಇವತ್ತಿನ ಮಕ್ಕಳ ಪಾಠದ ದುಡ್ಡಿಗೆ ಅದು ಕೈ ಹಾಕುತ್ತದೆ, ನಿಜ. ಆದರೆ ಆ ಬಿಲ್ಲು ಬರೆದದ್ದು ದೂರು ಮುಚ್ಚಿಟ್ಟವರು, ದೂರು ಕೊಟ್ಟ ಮಗು ಅಲ್ಲ.

ಕಾಲಮಿತಿಯ ವಿಷಯ ಚುಟುಕಾಗಿ. ಸರ್ಕಾರಿ ಸಂಸ್ಥೆಯ ಮೇಲೆ ಗಾಯದ ಪರಿಹಾರ ಕೇಳಲು ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಆರೇ ತಿಂಗಳು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಆ ಕಟ್ಟು ಇಲ್ಲ. 2020ರಿಂದ ಜಾರಿಯಾದ ಎಬಿ 218 ಎಂಬ ರಾಜ್ಯದ ಕಾನೂನಿನ ಪ್ರಕಾರ ನೊಂದವರು ನಲವತ್ತು ವರ್ಷ ತುಂಬುವವರೆಗೆ ದಾವೆ ಹೂಡಬಹುದು. 2024ರ ಜನವರಿ 1ರ ನಂತರ ನಡೆದದ್ದಕ್ಕಾದರೆ ಕಾಲಮಿತಿಯೇ ಇಲ್ಲ. ಬೇರೆ ರಾಜ್ಯಗಳಲ್ಲಿ ಲೆಕ್ಕ ಬೇರೆ. ಟೆಕ್ಸಾಸ್‌ನಲ್ಲಿ ಬಹುಕಾಲ ಡಿಸ್ಟ್ರಿಕ್ಟುಗಳಿಗೆ ವಾಹನ ಅಪಘಾತ ಬಿಟ್ಟರೆ ರಾಜ್ಯದ ಕಾನೂನಿನಡಿ ಹೊಣೆಯೇ ಇರಲಿಲ್ಲ, 2025ರ ಕಾನೂನಿನಿಂದ ಈಗ ಬಾಗಿಲು ಸ್ವಲ್ಪ ತೆರೆದಿದೆ. ಡಲ್ಲಾಸ್, ಆಸ್ಟಿನ್ ಕಡೆಯವರು ಅಲ್ಲಿನ ವಕೀಲರನ್ನೇ ಕೇಳಿ. ಇಂಥ ದಾವೆಗಳನ್ನು ನಡೆಸುವ ವಕೀಲರು ಸಾಮಾನ್ಯವಾಗಿ ಮುಂಗಡ ಕೇಳುವುದಿಲ್ಲ, ಗೆದ್ದರೆ ಪಾಲು. ಮಗುವಿನ ಹೆಸರನ್ನು ಬಚ್ಚಿಟ್ಟು ‘ಜೇನ್ ಡೋ’ ಎಂದು ಹೂಡಬಹುದು. ರಾಜಿಯಾದರೂ ಅದನ್ನು ನ್ಯಾಯಾಧೀಶರು ಒಪ್ಪಬೇಕು.

ಇನ್ನು ವೀಸಾದ ಭಯ. ಎಚ್-1ಬಿ ಮೇಲಿದ್ದೇವೆ, ಗ್ರೀನ್ ಕಾರ್ಡ್ ಸಾಲಿನಲ್ಲಿದ್ದೇವೆ, ಯಾಕೆ ಬೇಕು ಪೊಲೀಸರ ಸಹವಾಸ ಎನ್ನುತ್ತಾರೆ. ಅಪರಾಧದ ದೂರು ಕೊಟ್ಟ ಕಾರಣಕ್ಕೆ ವೀಸಾ ಹೋಗುವುದಿಲ್ಲ, ಸಿವಿಲ್ ದಾವೆ ಹೂಡಲು ಗ್ರೀನ್ ಕಾರ್ಡೂ ಬೇಕಿಲ್ಲ. ಇಂಥ ಅಪರಾಧಗಳಲ್ಲಿ ನೊಂದು ತನಿಖೆಗೆ ನೆರವಾದವರಿಗೆಂದೇ ಯು ವೀಸಾ ಎಂಬುದೂ ಇದೆ.

ಈಗ ಮಾಡಬೇಕಾದ್ದು. ಮಗು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ, ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಅದಕ್ಕೆ ತರಬೇತಾದವರು ಇದ್ದಾರೆ. ಮೆಸೇಜು ಅಳಿಸಬೇಡಿ, ಮೇಷ್ಟ್ರಿಗೆ ಫೋನ್ ಮಾಡಿ ಜಗಳವಾಡಬೇಡಿ. ಮೈ ಮುಟ್ಟಿದ ವಿಷಯವಾದರೆ ಮೊದಲ ಕರೆ ಪೊಲೀಸರಿಗೆ ಅಥವಾ ಕೌಂಟಿಯ ಮಕ್ಕಳ ರಕ್ಷಣಾ ಇಲಾಖೆಗೆ, ಶಾಲೆಗಲ್ಲ. ನಮ್ಮ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದ ಯಾರೇ ಆದರೂ ವರದಿ ಮಾಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಆ ಕಡ್ಡಾಯ ಇರುವುದು ಕಾನೂನಿನ ಪಟ್ಟಿಯಲ್ಲಿರುವ ವೃತ್ತಿಯವರಿಗೆ, ಅದರಲ್ಲಿ ಶಿಕ್ಷಕರೆಲ್ಲ ಬರುತ್ತಾರೆ. ಅನುಮಾನ ಬಂದ ತಕ್ಷಣ ಅವರು ಫೋನ್ ಮಾಡಬೇಕು, 36 ಗಂಟೆಯೊಳಗೆ ಬರೆದು ಕಳಿಸಬೇಕು. ‘ಪ್ರಿನ್ಸಿಪಾಲರಿಗೆ ಹೇಳಿದ್ದೆ’ ಎಂದರೆ ಅವರ ಕರ್ತವ್ಯ ಮುಗಿಯದು.

ರಾತ್ರಿ ಮೆಸೇಜು, ಉಡುಗೊರೆ, ಬಾಗಿಲು ಹಾಕಿದ ಕೋಣೆಯಂಥ ಅನುಮಾನದ ಹಂತದಲ್ಲೇ ಇಮೇಲ್ ಬರೆಯಿರಿ. ಪ್ರಿನ್ಸಿಪಾಲರಿಗೆ, ಜೊತೆಗೆ ಸೂಪರಿಂಟೆಂಡೆಂಟರಿಗೆ ಮತ್ತು ಟೈಟಲ್ ನೈನ್ ಕೋಆರ್ಡಿನೇಟರ್‌ಗೆ. ಈ ಕೊನೆಯವರ ವಿಳಾಸ ಪ್ರತಿ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲೂ ಇರಬೇಕು. ಏನು ನಡೆಯಿತು, ಯಾವ ದಿನ, ಯಾರ ಮುಂದೆ, ಇಷ್ಟೇ. ‘ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ’ ಎಂಬ ನಮ್ಮ ಪೀಠಿಕೆ ಬೇಡ. ಕೊನೆಯಲ್ಲಿ ‘ನೀವು ಕೈಗೊಂಡ ಕ್ರಮವನ್ನು ಬರವಣಿಗೆಯಲ್ಲಿ ತಿಳಿಸಿ’ ಎಂದು ಸೇರಿಸಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಕೇಳಿ, ಒದಗಿಸುವುದು ಅವರ ಕರ್ತವ್ಯ. ಅವರು ಫೋನಿನಲ್ಲಿ ಮಾತಾಡೋಣ ಎಂದರೆ ಮಾತಾಡಿ, ಆದರೆ ಅದೇ ಸಂಜೆ ‘ಇವತ್ತು ಫೋನಿನಲ್ಲಿ ನೀವು ಹೀಗೆ ಹೇಳಿದಿರಿ’ ಎಂದು ಮತ್ತೊಂದು ಮೇಲ್ ಕಳಿಸಿ. ಎಲ್ಲವನ್ನೂ ನಿಮ್ಮ ಸ್ವಂತ ಖಾತೆಯಿಂದ ಕಳಿಸಿ, ಕಂಪನಿಯ ಮೇಲ್‌ನಿಂದ ಬೇಡ. ಲೇಆಫ್ ಆದ ದಿನ ಲ್ಯಾಪ್‌ಟಾಪಿನ ಜೊತೆ ಆ ತಾರೀಖುಗಳೂ ಹೋಗಿಬಿಡುತ್ತವೆ.